ಚಪ್ಪಾಳೆ ಇಲ್ಲದ ಗೋಲು

ಡ್ರಾಮೆನ್, ನಾರ್ವೆ
ಅಕ್ಟೋಬರ್ ೧೯೪೨, ಗುರುವಾರ

ನನ್ನ ಮುದ್ದು ಸಿಗ್ನೆ,

ಹುಷಾರಾಗಿದ್ದೀಯಾ? ಅಲ್ಲಿ ಸೌದೆ ಸಿಗುತ್ತದೆಯಾ? ಚಳಿ ಹೆಚ್ಚು, ಎದೆಗೆ ಉಣ್ಣೆ ಸುತ್ತಿಕೊ. ಅಂಚೆಗೆ ಹಾಕಲು ಧೈರ್ಯ ಸಾಲದೆ ಇದನ್ನು ಹಾಲಿನ ಗಾಡಿಯವನ ಕೈಗೆ ಕೊಡುತ್ತಿದ್ದೇನೆ. ಓದಿ ಒಲೆಗೆ ಹಾಕು. ಅರ್ಧಕ್ಕೇ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು.

ನಾನು ಮೈದಾನಕ್ಕೆ ಹೋದದ್ದು ನಿನ್ನ ಕಿವಿಗೂ ಬಿತ್ತು. ಅದಕ್ಕೇ ನಿನ್ನ ಮದುವೆಗೆ ಬರಬೇಡ ಎಂದು ನೀನು ನನಗೆ ಬರೆದೆ. ನಿನ್ನದು ತಪ್ಪು ಅನ್ನಲಾರೆ. ನಮ್ಮ ದೇಶವನ್ನು ಹಿಡಿದ ಜರ್ಮನರ ಕೈಗೊಂಬೆಗಳು ಆಟದ ಸಂಘಗಳನ್ನು ಕಿತ್ತುಕೊಂಡ ಮೇಲೆ ಆಡುವವರು ಬೂಟು ಕಳಚಿದರು, ನೋಡುವವರು ಮನೆಯಲ್ಲೇ ಉಳಿದರು. ಊರಿಗೆ ಊರೇ ಹಾಗಿರುವಾಗ ನಿನ್ನ ತಮ್ಮ ಈವರ್ ಹೋಗಿ ಅವರ ತಂಡ ಸೇರಿದ. ನಿನ್ನಪ್ಪ ಅವನೊಂದಿಗೆ ಮಾತು ಬಿಟ್ಟರು. ಆಡಬೇಡವೋ ಎಂದು ನಾನು ಅವನನ್ನು ಬೇಡಿಕೊಂಡೆ. "ಅಮ್ಮ, ನಂಗೆ ಅವ್ರೂ ಬೇಡ, ಇವ್ರೂ ಬೇಡ. ವರ್ಷವೆಲ್ಲಾ ಚೆಂಡು ಮುಟ್ಟದೆ ಕಾಲು ಸತ್ತೋಗಿದೆ ಕಣಮ್ಮ" ಅಂದ. ಅವನ ಬುದ್ಧಿ ಅಷ್ಟೇ.

ಭಾನುವಾರ ಕೆಮ್ಮುತ್ತಲೇ ಆಟಕ್ಕೆ ಹೋದ. ಮನಸ್ಸು ತಡೆಯದೆ ನಾನೂ ಹಿಂದೆಯೇ ಹೋದೆ. ಸಾವಿರಾರು ಜನ ಕೂರುವ ಜಾಗದಲ್ಲಿ ನಾನೊಬ್ಬಳು, ಆ ಕಡೆ ಸಮವಸ್ತ್ರದ ಒಂದಿಷ್ಟು ಮಂದಿ. ಅವನು ಗೋಲು ಹೊಡೆದ, ಸಿಗ್ನೆ. ಹಳೆಯ ರೂಢಿಯಂತೆ ಜನರ ಕಡೆ ತಿರುಗಿ ಕೈ ಎತ್ತಿದ. ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ನನ್ನನ್ನು ನೋಡಿದ.

ಮೀನು ಕೊಳ್ಳುವ ಸಾಲಿನಲ್ಲಿ ಪಕ್ಕದ ಮನೆಯ ಹುಲ್ಡಾ ಎಲ್ಲರಿಗೂ ಕೇಳುವಂತೆ, "ಏನಮ್ಮ ಬೋರ್ಗಿಲ್ಡ್, ಚಪ್ಪಾಳೆ ಹೊಡೆದೂ ಹೊಡೆದೂ ಕೈ ಊದ್ಕೊಂಡಿರ್ಬೇಕಲ್ಲ? ಬುಟ್ಟಿ ಹಿಡಿಯೋಕಾಗುತ್ತಾ?" ಅಂದಳು. ಯಾರೂ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ದೇವರಾಣೆ ಮಗಳೇ, ನಾನು ತಟ್ಟಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕುಳಿತಿದ್ದೆ. ಇದನ್ನು ನಿನ್ನ ಹುಡುಗನಿಗೂ ಹೇಳು, ಅವನ ಮನೆಯವರಿಗೂ ಹೇಳು. ಚರ್ಚಿನ ಕೊನೆಯ ಸಾಲಿನಲ್ಲಿ ಕುಳಿತು, ಯಾರನ್ನೂ ಮಾತಾಡಿಸದೆ ಎದ್ದು ಬರುತ್ತೇನೆ. ಆಗುತ್ತದೆಯಾ, ಕೇಳಿ ಬರೆ.

ನಿನ್ನ ಅಮ್ಮ,
ಬೋರ್ಗಿಲ್ಡ್

ತಾ.ಕ.: ಈವರ್ ಚೆನ್ನಾಗಿದ್ದಾನೆ ಎಂದು ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ. ಅವತ್ತು ಸಂಜೆ ಬಾಗಿಲಲ್ಲೇ ನಿಂತು, "ಊರೋರು ಹೋಗ್ಲಿ. ನೀನೂ ತಟ್ಟಲಿಲ್ವಲ್ಲಮ್ಮ" ಅಂದ. ಹಾಗೇ ತಿರುಗಿ ಹೊರಟುಹೋದ. ಇನ್ನೂ ಬಂದಿಲ್ಲ. ಕೋಟೂ ಒಯ್ದಿಲ್ಲ. ನಿನ್ನಲ್ಲಿಗೆ ಬಂದರೆ ಬಾಗಿಲು ತೆಗೆ, ಸಿಗ್ನೆ. ಮದುವೆಗೆ ನಾನು ಬರದಿದ್ದರೂ ಆಯಿತು.