ನೀಲಿ ಗೆರೆಯ ಮುಖ

ಅವ್ವಾ,

ಆ ಜಪಾನಿನ ಕಾಬುಕಿ ನಾಟಕದವರು ಇವತ್ತು ಮತ್ತೆ ಲಂಡನ್ನಿಗೆ ಬಂದಿದ್ದರು. ಜೀವಮಾನವೆಲ್ಲ ಖಳನ ಪಾತ್ರವನ್ನೇ ಮಾಡಿದ ಆ ಮುದುಕ ನೆನಪಿದ್ದಾನಲ್ಲ? ಹೋದ ವರ್ಷ ಅವನು ಕೂಸನ್ನು ಕೊಂದಾಗ ನೀನು ಎದ್ದು ನಿಂತು, ಊರಿನ ಕಂಪನಿ ನಾಟಕದಲ್ಲಿ ಬೈಯುವ ಹಾಗೆ, “ನಿನ್ನ ಬಾಯಾಗ ಮಣ್ಣ ಬೀಳಲಿ!” ಎಂದು ನೆಟಿಗೆ ಮುರಿದಿದ್ದೆ. “ಸುಮ್ಮನ ಕೂಡ್ರವ್ವಾ, ಮಂದಿ ನೋಡಾಕತ್ತಾರ,” ಎಂದು ನಾನು ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಇಲ್ಫರ್ಡಿನ ನಮ್ಮ ಮನೆ ಬರುವ ತನಕ ನೀನು ರೈಲಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಇವತ್ತು ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೂ ಬೈಯಲಿಲ್ಲ. ಆಟ ಮುಗಿದ ಮೇಲೆ ನಾನೇ ಅವನ ಹತ್ತಿರ ಹೋಗಿ, ಅವತ್ತು ಬೈದವರು ನನ್ನ ತಾಯಿ, ಕ್ಷಮಿಸಿ ಎಂದೆ. ದುಭಾಷಿ ಅದನ್ನು ಹೇಳುತ್ತಲೇ ಮುದುಕನ ಮುಖ ಅರಳಿತು.

“ಅಷ್ಟು ದೊಡ್ಡ ಮರ್ಯಾದೆ ನನಗೆ ಯಾರೂ ಮಾಡಿಲ್ಲ. ಅವರು ಬಂದಿದ್ದಾರೆಯೇ?”

“ಮೊಣಕಾಲು ನೋವು, ಮನೆಯಲ್ಲಿದ್ದಾರೆ,” ಎಂದೆ.

ಕಾಬುಕಿ ನಟರು ಮೆಚ್ಚಿದವರಿಗೆ ನೆನಪಿಗೆಂದು ಕೊಡುವ ಹಾಗೆ, ಅವನು ತನ್ನ ಬಣ್ಣದ ಮುಖಕ್ಕೆ ಬಿಳಿ ಬಟ್ಟೆ ಒತ್ತಿ, ಖಳನ ನೀಲಿ ಗೆರೆಗಳು ಅದರಲ್ಲಿ ಮೂಡಿದ ಮೇಲೆ, ನಿನಗೆ ಮುಟ್ಟಿಸಬೇಕೆಂದು ಎರಡೂ ಕೈಯಿಂದ ನನಗೆ ಕೊಟ್ಟ.

ಮಾಲೆ ಹಾಕಿದ ನಿನ್ನ ಫೋಟೋದ ಎದುರಿಗೆ ಅದನ್ನು ಹಾಸಿದ್ದೇನೆ. ಬೈಯವ್ವಾ. ಮಂದಿ ನೋಡಿದರೆ ನೋಡಲಿ.