ತಮ್ಮನ ಕಾಲಿನ ಅಚ್ಚುಗಳು

ಅಮ್ಮನಿಗೆ,

ಅಪ್ಪನ ಕೈ ಈಗ ನಡುಗುತ್ತದೆ. ಹಾಗಾಗಿ ಬೂಟು ಹೊಲಿಯುವ ಅಂಗಡಿಯನ್ನು ಮುಚ್ಚುತ್ತಿದ್ದೇವೆ. ನಿನ್ನೆ ಸಾಮಾನು ಇಳಿಸಲು ಅಟ್ಟ ಹತ್ತಿದ್ದೆ. ಗಿರಾಕಿಗಳ ಪಾದದ ಅಳತೆಗೆ ಅಪ್ಪ ಕೆತ್ತಿದ ಮರದ ಅಚ್ಚುಗಳು ನೂರಾರಿದ್ದವು. ಅವುಗಳ ಹಿಂದೆ ಒಂದು ಗೋಣಿಚೀಲ. ಅದರಲ್ಲಿ ಹದಿನಾಲ್ಕು ಜೊತೆ ಅಚ್ಚುಗಳು, ಒಂದಕ್ಕಿಂತ ಒಂದು ದೊಡ್ಡವು. ಎಲ್ಲದರಲ್ಲೂ ಎಡಗಾಲಿನ ಕಿರುಬೆರಳು ಒಳಕ್ಕೆ ಸೊಟ್ಟಗಿತ್ತು. ನಮ್ಮ ಪುಟ್ಟನ ಕಾಲೆಂದು ನೋಡಿದ ಕೂಡಲೇ ಗೊತ್ತಾಯಿತು.

ಜ್ವರ ಬಂದು ತೀರಿಕೊಂಡಾಗ ಅವನಿಗೆ ಆರು ವರ್ಷ. ಅಪ್ಪ ಅಳಲಿಲ್ಲ, ಮಾರನೆಯ ವಾರವೇ ಅಂಗಡಿ ತೆರೆದರು. “ಇವರದ್ದು ಕಲ್ಲೆದೆ” ಎಂದು ಸೋದರಮಾವನ ಮನೆಗೆ ಹೋದ ನೀನು ತಿರುಗಿ ಬರಲಿಲ್ಲ.

“ಯಾಕಪ್ಪಾ ಇಷ್ಟೊಂದು?” ಎಂದು ಕೇಳಿದೆ. ಅಪ್ಪ ಒಂದು ಅಚ್ಚನ್ನು ಎತ್ತಿಕೊಂಡು ಪಂಚೆಯ ಅಂಚಿನಿಂದ ಧೂಳು ಒರೆಸಿದರು.

“ಬೆಳೆಯೋ ಕಾಲಲ್ವೇನಮ್ಮ, ಹಳೇದು ಹಿಡಿಯಲ್ಲ. ವರ್ಷಕ್ಕೊಂದು ಜೊತೆ ಮಾಡ್ದೆ” ಎಂದರು. ಅಚ್ಚನ್ನು ಚೀಲಕ್ಕೆ ಹಾಕುತ್ತಾ, “ಅವನ ಇಪ್ಪತ್ತನೇ ವರ್ಷಕ್ಕೆ ನಿಲ್ಲಿಸ್ದೆ. ಆಮೇಲೆ ಕಾಲು ಬೆಳೆಯಲ್ಲ” ಎಂದರು.

ಉಳಿದ ಅಚ್ಚುಗಳನ್ನೆಲ್ಲ ಗುರುವಾರ ಸೌದೆಯವನು ಒಯ್ಯುತ್ತಾನೆ. ಈ ಚೀಲವನ್ನು ಕೊಡು ಎಂದೂ ಅಪ್ಪ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸದ್ಯಕ್ಕೆ ನನ್ನ ಮಂಚದ ಕೆಳಗೆ ಇಟ್ಟಿದ್ದೇನೆ.

ಒಂದು ಸಲ ಬಂದು ನೋಡಿ ಹೋಗಮ್ಮ. ಯಾರ ಜೊತೆಯೂ ಮಾತಾಡಲೇಬೇಕೆಂದಿಲ್ಲ. ಯಾವ ಬಸ್ಸೆಂದು ತಿಳಿಸು, ನಾನು ನಿಲ್ದಾಣಕ್ಕೆ ಬರುತ್ತೇನೆ. ಅಪ್ಪನೂ ಬರುತ್ತೇನೆ ಎನ್ನುತ್ತಿದ್ದಾರೆ. ನಿನಗೆ ಬೇಡವಾದರೆ ಬರೆದುಬಿಡು, ಅವರಿಗೆ ಹೇಗಾದರೂ ಹೇಳುತ್ತೇನೆ.

ನಿನ್ನ ಮಗಳು