ಗರಗಸದ ಪಟ್ಟಿ ಎಡಕ್ಕೆ ಹೋಗುತ್ತಿದೆ

ಕೊಟ್ಟೂರು
೯-೭-೧೯೯೯

ಅಬ್ಬಾನಿಗೆ ಮಗಳು ಫಕೀರಬಿಯ ಸಲಾಮು.

ನಾನು ಆರಾಮವಾಗಿದ್ದೇನೆ. ನೀವು, ಅಸ್ಲಂ, ನಿಮ್ಮ ಸೊಸೆ ತಬಸ್ಸುಮ್ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀವು ಹಡಗಲಿಗೆ ನನ್ನ ತಮ್ಮ ಅಸ್ಲಂನ ಮನೆಗೆ ಹೋದಮೇಲೆ ಇದೇ ಮೊದಲ ಕಾಗದ. ತಡವಾಯಿತು, ಬೈಯಬೇಡಿ. ಕರೆಂಟು ಇದ್ದರೆ ಮಷಿನ್ನು, ಹೋದರೆ ಅರ ಹಿಡಿದು ಗರಗಸದ ಹಲ್ಲು ಉಜ್ಜುವುದು. ಸಂಜೆ ಕೈ ತೊಳೆದು ಕೂತರೆ ಬೆರಳುಗಳು ಪೆನ್ನು ಹಿಡಿಯಲು ಒಪ್ಪುವುದಿಲ್ಲ. ಎಸ್‌ಟಿಡಿ ಬೂತಿನಿಂದ ಫೋನು ಮಾಡು ಎಂದು ಅಸ್ಲಂ ಹೇಳಿದ್ದ. ಜೀವಮಾನವೆಲ್ಲ ಗರಗಸದ ಪಕ್ಕ ನಿಂತ ನಿಮ್ಮ ಕಿವಿಗೆ ಫೋನು ಏನು ಕೇಳೀತು? ತಬಸ್ಸುಮ್, ನೀನು ಇದನ್ನು ಅಬ್ಬಾನ ಬಲಗಡೆ ಕೂತು ಓದಿ ಹೇಳು. ಎಡಗಿವಿ ಇರುವುದು ಬರೀ ಬೀಡಿ ಸಿಕ್ಕಿಸಿಕೊಳ್ಳಲು.

ಮನೆಯಲ್ಲಿ ಉರ್ದು ಆಡುವವಳು ಕಾಗದ ಕನ್ನಡದಲ್ಲಿ ಬರೆದಿದ್ದಾಳೆ ಎಂದು ನಗಬೇಡಿ ಅಬ್ಬಾ. ನಾನು ಓದಿದ್ದು ಕನ್ನಡ ಶಾಲೆ, ತಬಸ್ಸುಮ್ ಓದಿದ್ದೂ ಅದೇ. ನೀವೂ ಮಷಿನ್ನಿನ ಮಾತನ್ನು ಯಾವತ್ತೂ ಉರ್ದುವಿನಲ್ಲಿ ಆಡಿದವರಲ್ಲ. ಊಟಕ್ಕೆ ಕೂತಾಗ ನಾನು ನಿಮಗೆ ಬೇಟಿ, ಮಷಿನ್ನಿನ ಹತ್ತಿರ ಬಂದರೆ "ಲೇ ಫಕ್ಕಿ". ಬಂದ ಗಿರಾಕಿಗಳಿಗೆಲ್ಲ ರಿ ಹಚ್ಚುತ್ತಿದ್ದಿರಿ. ನನಗೆ ಮಾತ್ರ ಲೇ.

ಅಸ್ಲಂ ನಿಮ್ಮನ್ನು ಕರೆದುಕೊಂಡು ಹೋದದ್ದೇ ಒಳ್ಳೆಯದಾಯಿತು ಎಂದು ದಿನಾ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸಂತೆಗೆಂದು ಹೋದವರು ದಾರಿ ತಪ್ಪಿ ಬಸ್ ನಿಲ್ದಾಣದಲ್ಲಿ ಕೂತುಬಿಡುತ್ತಿದ್ದಿರಿ. ಉಂಡದ್ದನ್ನು ಮರೆತು ಮತ್ತೆ ತಟ್ಟೆ ಕೇಳುತ್ತಿದ್ದಿರಿ. ಮಷಿನ್ನನ್ನೂ ನೋಡಿ ನಿಮ್ಮನ್ನೂ ನೋಡಿಕೊಳ್ಳಲು ನನಗಿರುವುದು ಎರಡೇ ಕಣ್ಣು. ವಯಸ್ಸಾದವರಿಗೆ ಸಣ್ಣಪುಟ್ಟ ಮರೆವು ಇದ್ದದ್ದೇ. ಅಲ್ಲಿ ಮಾತಿಗೆ ಜನವಿದೆ, ಸರಿಹೋಗುತ್ತದೆ.

ಇಲ್ಲಿ ಮಾತಿಗೆ ಮೈಲಮ್ಮ ಒಬ್ಬಳೇ. ಒಲೆಗೆ ಕಟ್ಟಿಗೆ ಹೊಟ್ಟು ತುಂಬಿಕೊಳ್ಳಲು ಚೀಲ ಹಿಡಿದು ಬರುತ್ತಾಳಲ್ಲ, ಅವಳು. ಮೊನ್ನೆ ಬಾಗಿಲಲ್ಲಿ ನಿಂತು, "ಯವ್ವಾ ಫಕೀರಬಿ, ಮಷಿನ್ ಜೋಡಿ ಮಾತಾಡಾಕ ಹತ್ತೀಯಲ್ಲ, ಅದು ತಿರುಗಿ ಮಾತಾಡಿದ ದಿನ ನನ್ನೂ ಕರಿ," ಎಂದು ನಕ್ಕು ಹೋದಳು. ನಿಜ ಹೇಳುತ್ತೇನೆ, ಸ್ವಿಚ್ಚು ಆರಿಸಿದ ಮೇಲೆ ಶೆಡ್ಡಿನಲ್ಲಿ ನಿಲ್ಲಲಾಗುವುದಿಲ್ಲ. ಈ ಕಡೆಯಿಂದ ಹಲಗೆ ತಳ್ಳುವವಳೂ ನಾನೇ, ಆ ಕಡೆ ಓಡಿಹೋಗಿ ಹಿಡಿಯುವವಳೂ ನಾನೇ. ಗಂಡ ತೀರಿಕೊಂಡು ನಾನು ಈ ಮನೆಗೆ ವಾಪಸು ಬಂದ ವಾರವೇ ನನ್ನನ್ನು ಆ ಕಡೆ ನಿಲ್ಲಿಸಿ, "ಅಳೋದು ಆಮ್ಯಾಲ ಅಳೀಯಂತ, ಮೊದಲು ಹಲಿಗಿ ಹಿಡಿ," ಎಂದವರು ನೀವು. ಆಗಿನಿಂದ ಆ ಕಡೆ ನಮ್ಮಿಬ್ಬರಲ್ಲಿ ಒಬ್ಬರು ಇದ್ದೇ ಇರುತ್ತಿದ್ದೆವು.

ಈಗ ಕೆಲಸದ ಮಾತು. ತಬಸ್ಸುಮ್, ಅಬ್ಬಾ ಹೇಳಿದ್ದನ್ನು ನೀನು ತಪ್ಪಿಲ್ಲದೆ ಬರೆಯಬೇಕಲ್ಲ, ತಿಳಿದುಕೋ. ನಮ್ಮ ಬ್ಯಾಂಡ್‌ಸಾ ಎಂದರೆ ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಅಬ್ಬಾ, ಆ ಪಟ್ಟಿ ಗೆರೆಯ ಮೇಲೆ ಶುರುಮಾಡಿ ಎಡಕ್ಕೆ ಹೋಗುತ್ತದೆ. ಬಾಗಿಲಿಗೆ ಹಲಗೆ ಕೊಯ್ಸಿಕೊಂಡು ಹೋದ ಬಡಿಗ ಉಚ್ಚಂಗೆಪ್ಪ ವಾಪಸು ತಂದು ನನ್ನ ಮುಂದೆ ಹಾಕಿದ. "ಇದೇನ್ರಿ, ಈ ತುದಿ ದಪ್ಪ, ಆ ತುದಿ ತೆಳ್ಳಗ. ಮಸ್ತಾನಸಾಬ್ರು ಇದ್ದಾಗ ಹಿಂಗ ಇರಲಿಲ್ಲ," ಎಂದ. ಹಲಗೆ ಸೊಟ್ಟಗಿದ್ದದ್ದಕ್ಕಿಂತ ಆ ಮಾತೇ ನನಗೆ ಹೆಚ್ಚು ಚುಚ್ಚಿತು. ಏನು ಮಾಡಲಿ, ಹೇಳಿ ಕಳಿಸಿ. ನಿಮ್ಮ ದುವಾ ಇರಲಿ.

ನಿಮ್ಮ ಮಗಳು
ಫಕೀರಬಿ


ಕೊಟ್ಟೂರು
೨೫-೮-೧೯೯೯

ಅಬ್ಬಾನಿಗೆ ಫಕೀರಬಿಯ ಸಲಾಮು.

ನಿಮ್ಮ ಉತ್ತರ ಬಂತು. ಪೋಸ್ಟಿನವನ ಮುಂದೆಯೇ ಒಡೆದು ಓದಿದೆ. ಮರುದಿನ ಅದನ್ನು ಮಷಿನ್ನಿನ ಕಂಬಕ್ಕೆ ಮೊಳೆ ಹೊಡೆದು ಸಿಕ್ಕಿಸಿ, ಒಂದೊಂದು ಮಾತು ಓದುತ್ತ ಒಂದೊಂದು ಕೆಲಸ ಮಾಡಿದೆ. ಉತ್ತರ ಬರೆಯಲು ಅದಕ್ಕೇ ಇಷ್ಟು ತಡ.

"ಮೊದಲು ಮ್ಯಾಲಿನ ಚಕ್ರದ ಬಿಗಿ ನೋಡ್ರಿ. ಪಟ್ಟಿ ಸಡ್ಲಿದ್ರ ಕೊಯ್ತ ಹೊಟ್ಟಿ ಬಿಟ್ಟು ಬಾಗತೈತಿ," ಎಂದಿದ್ದೀರಿ. ನೋಡಿದೆ, ಸಡಿಲವೇ ಇತ್ತು, ಬಿಗಿ ಮಾಡಿದೆ. "ಚಕ್ರ ಕೈಲೆ ತಿರುವಿ ನೋಡ್ರಿ, ಪಟ್ಟಿ ನಡುಮಧ್ಯ ಓಡಬೇಕು," ಎಂದಿದ್ದೀರಿ. ತಿರುವಿದೆ, ಮುಂದಕ್ಕೆ ಜಾರುತ್ತಿತ್ತು, ಮೇಲಿನ ಚಕ್ರದ ವಾಟ ಸರಿಮಾಡಿ ನಡುವೆ ತಂದೆ. ಪಟ್ಟಿಯ ಬೆನ್ನಿಗಿರುವ ಬೇರಿಂಗು ಸುಮ್ಮನೆ ಓಡುವಾಗ ತಾಗಬಾರದು, ಕಟ್ಟಿಗೆ ಕೊಟ್ಟಾಗಷ್ಟೇ ತಾಗಬೇಕು, ನಡುವೆ ಒಂದು ಕಾಗದ ಹಿಡಿಯುವಷ್ಟು ಜಾಗ ಇರಲಿ ಎಂದಿದ್ದೀರಿ. ನಿಮ್ಮ ಕಾಗದವನ್ನೇ ನಡುವೆ ಇಟ್ಟು ನೋಡಿದೆ. ಅದಕ್ಕೇ ಅದರ ಒಂದು ಮೂಲೆ ಹರಿದಿದೆ.

ಆಮೇಲೆ ಕೊನೆಯ ಮಾತು. "ಎಲ್ಲಾ ಸರಿ ಇದ್ದೂ ಒಂದ ಕಡಿಗೇ ಎಳೀತೈತಿ ಅಂದ್ರ ಮೊಳಿ ಬಡದೈತಿ. ಒಂದ ಮಗ್ಗಲ ಹಲ್ಲು ಮೊಂಡಾಗಿರತಾವ. ಚೂಪಿದ್ದ ಮಗ್ಗಲಕ ಪಟ್ಟಿ ಓಡತೈತಿ." ಹಡಗಲಿಯಲ್ಲಿ ಕೂತು ಕೊಟ್ಟೂರಿನ ಮೊಳೆ ಕಂಡಿರಲ್ಲ. ಉಚ್ಚಂಗಿದುರ್ಗದವರು ಹಳೇ ಮನೆ ಕೆಡವಿ ತೊಲೆ ತಂದಿದ್ದರು, ಅದರಲ್ಲಿತ್ತು. ಬಲಗಡೆಯ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿದರೆ ಮುದುಕಿಯ ಹಲ್ಲಿನ ಹಾಗೆ ಸವೆದಿದ್ದವು. ಪಟ್ಟಿ ಇಳಿಸಿ, ಅರ ಹಾಕಿ, ಹಲ್ಲುಗಳ ಬಾಗು ಸರಿಮಾಡಿದೆ. ಗೆರೆ ಎಳೆದು ಬರಿಗೈಯಲ್ಲಿ ತಳ್ಳಿದರೆ ಈಗ ಗೆರೆ ಬಿಡುವುದಿಲ್ಲ. ಮೈಲಮ್ಮನನ್ನು ಕರೆದು ತೋರಿಸಿದೆ. ಅವಳಿಗೇನು ತಿಳಿದೀತು, ಆದರೂ "ಭಾಳ ಚೊಲೊ ಆತು ಬಿಡು," ಎಂದಳು. ಯಾರಾದರೂ ಹಾಗೆನ್ನಲಿ ಎಂದೇ ಕರೆದಿದ್ದೆ.

ಆದರೆ ಇನ್ನೊಂದು ಗಂಟು ಉಳಿದಿದೆ. ಹಲಗೆ ಒರಗಿಸಿ ತಳ್ಳಲು ಮೇಜಿನ ಮೇಲೆ ಆಸರೆ ಕಟ್ಟಿದೆನೋ, ಮತ್ತೆ ಅದೇ ರಾಗ. ಮೂಲೆ ಅಳೆಯುವ ಗುಣಿಯಾ ಹಿಡಿದು ನೋಡಿಯೇ ಆಸರೆ ಕಟ್ಟಿದ್ದೇನೆ. ಒಂದು ಕೂದಲಿನಷ್ಟೂ ಸೊಟ್ಟ ಇಲ್ಲ. ಆದರೂ ಪಟ್ಟಿ ಆಸರೆಯನ್ನು ಬಿಟ್ಟು ಎಡಕ್ಕೆ ಹೊರಡುತ್ತದೆ. ಬರಿಗೈಗೆ ಬಗ್ಗುವುದು ಆಸರೆಗೆ ಏಕೆ ಬಗ್ಗುವುದಿಲ್ಲ? ಬರಿಗೈಯಲ್ಲಿ ನೆಟ್ಟಗೆ ಕೊಯ್ದ ಬೇವಿನ ಹಲಗೆಯ ಒಂದು ಚೂರನ್ನು ಹಡಗಲಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಹೆಬ್ಬೆರಳು ಆಡಿಸಿ ನೋಡಿ, ನಿಮಗೆ ಗೊತ್ತಾಗುತ್ತದೆ.

ತಬಸ್ಸುಮ್, ನಿನಗೊಂದು ಮಾತು. "ನೋಡ್ರಿ, ತಿರುವ್ರಿ" ಎಂದು ನನಗೇಕೆ ಬಹುವಚನ? ಕೊನೆಯಲ್ಲಿ "ನಿಮ್ಮ ಮನಿ ಕಡೆ ಎಲ್ಲಾರೂ ಆರಾಮ ಅದಾರೇನು" ಎಂದು ಬೇರೆ ಬರೆದಿದ್ದೀ. ನಮ್ಮ ಮನೆಯವರೆಲ್ಲ ನಿಮ್ಮ ಮನೆಯಲ್ಲೇ ಇದ್ದಾರಲ್ಲ, ನಾನು ಯಾರನ್ನು ವಿಚಾರಿಸಿ ಹೇಳಲಿ? ಗಂಡನ ಅಕ್ಕ ಎಂದು ಹೆದರಿ ಮರ್ಯಾದೆ ಹಚ್ಚಬೇಡ. ಅಬ್ಬಾ ಬಾಯಲ್ಲಿ ಹೇಗೆ ಬಂತೋ ಹಾಗೇ ಬರೆ. ಲೇ ಇಲ್ಲದೆ ಆ ಮಾತು ನನಗೆ ನಾಟುವುದಿಲ್ಲ.

ಮುಂದಿನ ಅಮಾವಾಸ್ಯೆಗೆ ಮಷಿನ್ನು ನಿಲ್ಲಿಸಿ ಹಡಗಲಿಗೆ ಬರುತ್ತೇನೆ ಅಬ್ಬಾ. ಅಮಾವಾಸ್ಯೆಗೆ ಕೊಯ್ಯಬಾರದು ಎಂದು ಬಡಿಗರ ಜೊತೆ ಸೇರಿ ನೀವೇ ಮಾಡಿಟ್ಟ ರೂಢಿ, ಈಗ ನನಗೇ ಅನುಕೂಲವಾಯಿತು. ಈ ಮನೆಯಲ್ಲಿ ಈಗಲೂ ಇಬ್ಬರಿಗೆ ರೊಟ್ಟಿ ಬಡಿಯುತ್ತೇನೆ. ಉಳಿದದ್ದನ್ನು ಮೈಲಮ್ಮನ ಎಮ್ಮೆ ತಿನ್ನುತ್ತದೆ. ಬಹಳ ಒಂಟಿ ಅನ್ನಿಸಿದೆ, ನಿಮ್ಮ ಮುಂದೆ ಕೂತು ಬೈಸಿಕೊಂಡರೆ ಸರಿಹೋದೀತು.

ನಿಮ್ಮ ಮಗಳು
ಫಕೀರಬಿ


ಕೊಟ್ಟೂರು
೨೪-೯-೧೯೯೯

ಹಡಗಲಿಯಲ್ಲಿರುವ ಮಸ್ತಾನಸಾಬ ಮೇಸ್ತ್ರಿಯವರಿಗೆ, ಕೊಟ್ಟೂರಿನಲ್ಲಿ ನಿಮ್ಮ ಮಷಿನ್ನು ನಡೆಸುವ ಮೇಸ್ತ್ರಿಯ ಸಲಾಮು.

ತಾವು ಆರಾಮವಾಗಿದ್ದೀರೆಂದು ತಿಳಿದು ಸಂತೋಷವಾಯಿತು. ಕಾಗದ ತಡವಾಗಿದ್ದಕ್ಕೆ ಕ್ಷಮೆ ಇರಲಿ. ಅಮಾವಾಸ್ಯೆಯ ದಿನ ನಿಮ್ಮ ಮನೆಗೆ ಬಂದಿದ್ದ ಕೊಟ್ಟೂರಿನ ಹೆಣ್ಣುಮಗಳ ಕೈಲಿ ನೀವು ಹೇಳಿ ಕಳಿಸಿದ ಮಾತು ನನಗೆ ಮುಟ್ಟಿತು. "ಗುಣಿಯಾ ಮಾತು ಬಿಡ್ರಿ, ಪಟ್ಟಿ ಮಾತು ಕೇಳ್ರಿ. ಹೆಂಗ ಅರ ಹಾಕಿದ್ರೂ ಒಂದೊಂದು ಪಟ್ಟಿಗಿ ಒಂದೊಂದು ದಾರಿ ಇರತೈತಿ," ಎಂದಿರಂತೆ.

ನೀವು ಹೇಳಿದ ಹಾಗೇ ಮಾಡಿದೆ. ಆಸರೆ ಬಿಚ್ಚಿಟ್ಟು, ಹಲಗೆಯ ಮೇಲೆ ಅಂಚಿಗೆ ಸಮವಾಗಿ ಗೆರೆ ಎಳೆದು, ಗೆರೆ ತಪ್ಪದಂತೆ ಬರಿಗೈಯಲ್ಲಿ ತಳ್ಳಿದೆ. ಅರ್ಧಕ್ಕೆ ಹಲಗೆ ಅಲುಗಿಸದೆ ಹಿಡಿದು ಮಷಿನ್ನು ನಿಲ್ಲಿಸಿದೆ. ನೋಡಿದರೆ ಗೆರೆ ನೆಟ್ಟಗಿದೆ, ಹಲಗೆ ಮಾತ್ರ ಮೇಜಿನ ಮೇಲೆ ತುಸು ಓರೆಯಾಗಿ ನಿಂತಿದೆ. ಆ ಓರೆಗೇ ಆಸರೆ ಕಟ್ಟಿದೆ. ನೋಡುವವರಿಗೆ ಆಸರೆ ಸೊಟ್ಟ, ಕೊಯ್ತ ನೆಟ್ಟಗೆ. ಉಚ್ಚಂಗೆಪ್ಪ ಬಂದು, "ಆಸರಿ ಸೊಟ್ಟ ಐತಲ್ರಿ," ಎಂದ. ಹಲಗೆ ಕೊಯ್ದು ಕೈಗೆ ಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡು ತಲೆಯ ಮೇಲೆ ಹೊತ್ತು ಹೋದ.

ಆದರೆ ಮೇಸ್ತ್ರಿಯವರೇ, ನಾಲ್ಕು ದಿನದಿಂದ ಪಟ್ಟಿ ಮತ್ತೆ ಎಡಕ್ಕೆ ಹೋಗುತ್ತಿದೆ. ಬಿಗಿ ಸರಿಯಿದೆ, ಬೇರಿಂಗು ಸರಿಯಿದೆ, ಮೊಳೆ ಬಡಿದಿಲ್ಲ. ಏನಿರಬಹುದು? ನೀವಲ್ಲದೆ ನನಗೆ ಹೇಳುವವರು ಇನ್ನಾರೂ ಇಲ್ಲ. ನಿಧಾನವಾಗಿ ಯೋಚಿಸಿ, ಸೊಸೆಯ ಕೈಲಿ ಬರೆಸಿ. ಗಾಳಿ ತಣ್ಣಗಾಗಿದೆ, ಸಂಜೆ ಹೊರಗೆ ಕೂರುವಾಗ ಕಿವಿಗೆ ವಸ್ತ್ರ ಸುತ್ತಿಕೊಳ್ಳಿ. ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ಅಲ್ಲಾಹನು ನಿಮ್ಮ ಕೈಗೆ ಬಲ ಕೊಡಲಿ, ನಿಮ್ಮ ದುವಾ ನಿಮ್ಮ ಮಷಿನ್ನಿನ ಮೇಲಿರಲಿ.

ಇಂತಿ,
ನಿಮ್ಮ ಮಷಿನ್ನಿನ ಮೇಸ್ತ್ರಿ

ತಾ.ಕ.: ತಬಸ್ಸುಮ್, ಇಲ್ಲಿಂದ ಮುಂದೆ ಅಬ್ಬಾನಿಗೆ ಓದಬೇಡ. ಇದು ನಿನಗೆ.

ಅವತ್ತು ಅಮಾವಾಸ್ಯೆಗೆ ಬಂದವಳು ಏಕೆ ಅಷ್ಟು ಬೇಗ ಎದ್ದು ಬಸ್ಸು ಹಿಡಿದೆ ಎಂದು ನೀನು ಬೇಸರಪಟ್ಟುಕೊಂಡಿರಬೇಕು. ನೀನು ಒಳಗೆ ಚಹಾ ಮಾಡುತ್ತಿದ್ದೆ, ನಿನಗೆ ಕೇಳಿಸಿರಲಾರದು. ನಾನು ಅವರ ಬಲಗಡೆ ಕೂತು ಉರ್ದುವಿನಲ್ಲಿ ಅಬ್ಬಾ ಎಂದೆ. ಅವರು ಕನ್ನಡದಲ್ಲಿ, "ಬರ್ರಿ, ಕುಂದರ್ರಿ. ಯಾವೂರಿಂದ ಬಂದ್ರಿ?" ಎಂದರು. ತಮಾಷೆ ಎಂದುಕೊಂಡು, ಕೊಟ್ಟೂರಿನಿಂದ ಬಂದೆ ಎಂದೆ. ಮುಖ ಅರಳಿತು. "ಹಂಗಾದ್ರ ನಮ್ಮ ಮಷಿನ್ ನೋಡಿರತೀರಿ. ಅದರ ಮ್ಯಾಲೆ ಒಬ್ಬ ಮೇಸ್ತ್ರಿ ಅದಾನ, ನನಗ ಕಾಗದ ಬರೀತಾನ," ಎಂದು ದಿಂಬಿನ ಕೆಳಗಿನಿಂದ ಆ ಬೇವಿನ ಚೂರು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. "ಹೆಬ್ಬಟ್ಟು ಆಡಿಸಿ ನೋಡ್ರಿ. ಥೇಟ್ ನನ್ನ ಕೈಯಿದ್ದಂಗ ಐತಿ. ಯಾರ ಮಗನೋ ಏನೋ."

ನಾನು ಕೇಳಬಾರದಿತ್ತು. ನಿಮಗೆ ಮಕ್ಕಳೆಷ್ಟು ಎಂದು ಕೇಳಿದೆ. "ಒಬ್ಬನೇ ಮಗ, ಅಸ್ಲಂ ಅಂತ," ಎಂದರು. ಆಮೇಲೆ ಆಸರೆ ಕಟ್ಟುವ ಬಗೆಯನ್ನು ನನಗೆ ಬಾಯಿಪಾಠ ಮಾಡಿಸಿ, "ತಪ್ಪದ ಹೇಳ್ರಿ ಅವಗ," ಎಂದು ಎರಡು ಸಲ ಹೇಳಿದರು. ಹೊರಡುವಾಗ ಎದ್ದು ನಿಂತು ಕೈ ಎತ್ತಿ ಸಲಾಮು ಮಾಡಿದರು. ಬಂದ ಗಿರಾಕಿಗಳನ್ನು ಕಳಿಸುವಾಗ ಮಾಡುತ್ತಿದ್ದರಲ್ಲ, ಹಾಗೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಆ ಕಾಗದದಲ್ಲಿದ್ದ ರಿ ನೀನು ಹಚ್ಚಿದ್ದಲ್ಲ. ಸುಮ್ಮನೆ ನಿನ್ನನ್ನು ಗದರಿಸಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಸ್ಲಂನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಇನ್ನೊಂದು. ಪಟ್ಟಿ ಎಡಕ್ಕೆ ಹೋಗುತ್ತಿಲ್ಲ. ಅವರು ಹೇಳಿದ ದಿನದಿಂದ ಗೆರೆ ಬಿಟ್ಟಿಲ್ಲ. ಆದರೆ ನೆಟ್ಟಗೆ ಕೊಯ್ಯುತ್ತಿದೆ ಎಂದು ಬರೆದರೆ ಅವರು ನನಗೆ ಹೇಳುವುದು ಇನ್ನೇನು ಉಳಿಯುತ್ತದೆ? ಮಗಳಂತೂ ಹೋದಳು, ಮೇಸ್ತ್ರಿಯಾದರೂ ಇರಲಿ. ಈ ಸಲ ಪಟ್ಟಿ ಎಡಕ್ಕೆ, ಮುಂದಿನ ಸಲ ಬಲಕ್ಕೆ ಹೋಗುತ್ತದೆ. ಅವರು ಏನು ಹೇಳಿದರೂ ಬರೆದು ಕಳಿಸು. ಅವರ ಬಾಯಲ್ಲಿ ಬಂದ ಹಾಗೇ ಬರೆ, ಒಂದು ರಿಯನ್ನೂ ಬಿಡಬೇಡ.